ಭೂಗೋಳ ಪಾಠವೂ ಉಪಾಧ್ಯಾಯರ ಅರ್ಹತೆಯೂ

ಆಗುಂಬೆಯಲ್ಲಿ ಮಳೆಯು ಧಾರಾಕಾರವಾಗಿ ಸುರಿಯುತ್ತಿರುವಾಗ ಚಿತ್ರದುರ್ಗದ ಹೊಲಗಳು ಒಣಗುವುದೇಕೆ? ಘಟ್ಟವು ಮೋಡಗಳನ್ನು ತಡೆಯುವ ಬಗೆಯನ್ನು ಭೂಪಟದ ಮೇಲೆ ಬೆರಳಿಟ್ಟು ತೋರಿಸಬಲ್ಲ ಉಪಾಧ್ಯಾಯರಿದ್ದರೆ ಬಾಲಿಕೆಯು ಇದನ್ನು ಸುಲಭವಾಗಿ ಅರಿಯುವಳು. ಆದರೆ ಅಂತಹವರನ್ನು ನಮ್ಮ ನಿಯಮಗಳು ಆರಿಸುತ್ತಿರುವುವೇ?

2010ರಲ್ಲಿ ವಿಧಿಸಲ್ಪಟ್ಟ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, 6ರಿಂದ 8ನೆಯ ತರಗತಿಗಳಿಗೆ ಸಮಾಜ ವಿಜ್ಞಾನವನ್ನು ಬೋಧಿಸುವವರಿಗೆ ಆ ವಿಷಯದಲ್ಲಿರುವುದು 150ರಲ್ಲಿ 60 ಅಂಕಗಳು. ಚರಿತ್ರೆ, ಪೌರನೀತಿಗಳೊಡನೆ ಭೂಗೋಳವು ಅದರಲ್ಲಿ ಒಂದು ಪಾಲು ಮಾತ್ರ. ಭೂಗೋಳದಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕೆಂದಿಲ್ಲ. ಭೂಪಟವನ್ನು ಬರೆದು ತೋರಿಸಬೇಕೆಂದೂ ಇಲ್ಲ.

ಇದು ಉಪಾಧ್ಯಾಯರ ದೋಷವಲ್ಲ, ನಿಯಮದ ಕೊರತೆ. ಪೋಷಕರೇ, ಹಳೆಯ ವಿದ್ಯಾರ್ಥಿನಿಯರೇ, ಅರ್ಹತಾಪತ್ರಕ್ಕೆ ಭೂಪಟದ ಪರೀಕ್ಷೆಯೊಂದು ಸೇರಲೆಂದು ನಾವೆಲ್ಲರೂ ಸರಕಾರವನ್ನು ಕೇಳಬೇಕು. ತನ್ನ ಊರಿನ ನೀರು ಎಲ್ಲಿಂದ ಬರುವುದೆಂದು ಅರಿಯದವಳು ಅದನ್ನು ಕಾಪಾಡುವುದೆಂತು?