ಸೂರ್ಯನ ಬೆಳಕಿಗೂ ಲೆಕ್ಕ ಬೇಕು

ಗಂಗಾವತಿ ತಾಲ್ಲೂಕಿನ ಸಾಣಾಪುರದ ಕೆರೆಯನ್ನು ಕಂಡವರೆಲ್ಲ ಅದರ ಸೊಬಗನ್ನು ಕೊಂಡಾಡುತ್ತಾರೆ. ಆ ಕೆರೆಗೆ ನೀರು ಬರುವುದು ತುಂಗಭದ್ರೆಯ ಎಡದಂಡೆ ಕಾಲುವೆಯಿಂದ. ಒಳಹರಿವು, ಸಂಗ್ರಹ, ಬಳಕೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡಾಗಲೇ ಗದ್ದೆ ಹಸುರಾಗಿ ಉಳಿಯುವುದು. ಬಿಸಿಲಿನಿಂದ ಬ್ಯಾಟರಿ ತುಂಬಿಸಿ ದೀಪ ಉರಿಸುವುದೂ ಒಂದು ಬಗೆಯ ನೀರಾವರಿಯೇ. ಸೌರಫಲಕವೇ ಕಾಲುವೆ, ಬ್ಯಾಟರಿಯೇ ಕೆರೆ, ದೀಪಗಳೇ ಗದ್ದೆ. ಆದರೆ ಅನೇಕರು ಮೊದಲು ಫಲಕವನ್ನು ಕೊಂಡು, ಅದರಿಂದ ಏನೇನು ನಡೆದೀತೆಂದು ಆಮೇಲೆ ಕೇಳುತ್ತಾರೆ. ಈ ಕ್ರಮವು ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ಲೆಕ್ಕವು ಗದ್ದೆಯಿಂದ ಆರಂಭವಾಗಬೇಕು.

ವಿದ್ಯುತ್ ತಂತಿ ತಲಪದ ಒಂದು ಹೊಲದ ಮನೆಯನ್ನು ಊಹಿಸಿಕೊಳ್ಳೋಣ. ಅಲ್ಲಿ 5 ವಾಟ್‌ಗಳ ನಾಲ್ಕು ದೀಪಗಳು ದಿನಕ್ಕೆ 5 ಗಂಟೆ ಉರಿದರೆ 100 ವಾಟ್-ಗಂಟೆ, 25 ವಾಟ್‌ಗಳ ಒಂದು ಫ್ಯಾನು 8 ಗಂಟೆ ತಿರುಗಿದರೆ 200, ಮೊಬೈಲುಗಳಿಗೆ 20. ಒಟ್ಟು 320 ವಾಟ್-ಗಂಟೆ. ಫಲಕದ ಶಾಖ, ಧೂಳು, ತಂತಿ, ಬ್ಯಾಟರಿ ಇವುಗಳಲ್ಲಿ ಮೂರನೆಯ ಒಂದು ಪಾಲು ಸೋರಿಹೋಗುವುದೆಂದು ಹಿಡಿದರೆ, ಫಲಕವು ದಿನವೊಂದಕ್ಕೆ 480 ವಾಟ್-ಗಂಟೆಗಳನ್ನು ಒದಗಿಸಬೇಕು.

ಇಲ್ಲಿಯೇ ಹಲವರು ಎಡವುತ್ತಾರೆ. ಈ ಬಯಲುಸೀಮೆಯಲ್ಲಿ ವರ್ಷದ ಸರಾಸರಿಯಂತೆ ದಿನಕ್ಕೆ ಸುಮಾರು ಐದೂವರೆ ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ದೊರೆಯುತ್ತದೆ. ಅದನ್ನು ನಂಬಿದರೆ 87 ವಾಟ್‌ಗಳ ಫಲಕ ಸಾಕೆನಿಸುವುದು. ಆದರೆ ಮೋಡ ಕವಿದ ಆಷಾಢ ಶ್ರಾವಣಗಳು ಸರಾಸರಿಯ ಮಾತು ಕೇಳುವುದಿಲ್ಲ. ಆ ತಿಂಗಳುಗಳಿಗೆ ನಾಲ್ಕೇ ಗಂಟೆಯೆಂದು ಎಣಿಸಿ, 120 ವಾಟ್‌ಗಳ ಫಲಕವನ್ನು ಆರಿಸುವುದು ವಿವೇಕ. ಬರಗಾಲವನ್ನು ನೆನೆದು ಕಣಜ ಕಟ್ಟುವವನೇ ಜಾಣ ಒಕ್ಕಲಿಗನಲ್ಲವೇ?

ಇನ್ನು ಬ್ಯಾಟರಿ. ಬಿಸಿಲಿಲ್ಲದ ಎರಡು ದಿನಗಳಿಗೆ 640 ವಾಟ್-ಗಂಟೆ ಬೇಕು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದಾದುದರಿಂದ ಇದು 1280 ಆಗುವುದು. 12 ವೋಲ್ಟಿನಿಂದ ಭಾಗಿಸಿದರೆ 107. ಎಂದರೆ 120 ಆಂಪಿಯರ್-ಗಂಟೆಯ ಬ್ಯಾಟರಿ ತಕ್ಕುದು. ದೊಡ್ಡ ಬ್ಯಾಟರಿಯಿದ್ದರೆ ಭಯವಿಲ್ಲವೆಂದು ಸಣ್ಣ ಫಲಕಕ್ಕೆ ಅದನ್ನು ಜೋಡಿಸುವುದೂ ತಪ್ಪೇ. ಪೂರ್ತಿ ತುಂಬದೆ ಉಳಿದ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂಡುತ್ತದೆ. 1953ರಲ್ಲಿ 133 ಟಿ.ಎಂ.ಸಿ. ಇದ್ದ ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಹೂಳಿನಿಂದ ಸುಮಾರು 105ಕ್ಕೆ ಇಳಿದಿರುವಂತೆ, ಬ್ಯಾಟರಿಯ ಸಾಮರ್ಥ್ಯವೂ ಇಳಿಯುತ್ತದೆ. ಆದರೆ ದಶಕಗಳಲ್ಲಲ್ಲ, ಕೆಲವೇ ತಿಂಗಳುಗಳಲ್ಲಿ.

ಸರಿಯಾದ ಲೆಕ್ಕವನ್ನೂ ಕೆಡಿಸುವ ಇನ್ನೊಂದು ದೋಷವುಂಟು. ಎಡದಂಡೆ ಕಾಲುವೆಯನ್ನು ಯೋಜಿಸಿದವರು ಬಹುಪಾಲು ಭೂಮಿಗೆ ಕಡಿಮೆ ನೀರಿನ ಬೆಳೆಗಳನ್ನೇ ಎಣಿಸಿದ್ದರು. ಮೇಲ್ಭಾಗದಲ್ಲಿ ಭತ್ತ ಹರಡಿತು. ರಾಯಚೂರು ಜಿಲ್ಲೆಯ ಕೊನೆಭಾಗದ ರೈತರು ನೀರಿಗಾಗಿ ಕಾಯಬೇಕಾಯಿತು. ಮನೆಯಲ್ಲಿಯೂ ಹಾಗೆಯೇ. ದೀಪಗಳಿಗೆಂದು ಅಳೆದ ವ್ಯವಸ್ಥೆಗೆ ಮುಂದೆ ದೂರದರ್ಶನವೂ ಮಿಕ್ಸಿಯೂ ಬಂದು ಸೇರುತ್ತವೆ. ಆಗ ಮೊದಲು ಆರುವುದು ಓದುವ ಮಗುವಿನ ಮುಂದಿರುವ ದೀಪ; ಮುಗಿಯದೆ ಉಳಿಯುವುದು ಬ್ಯಾಟರಿಗಾಗಿ ಮಾಡಿದ ಸಾಲ. ಜನರು ಆಗ ಸೂರ್ಯಶಕ್ತಿಯನ್ನೇ ದೂರುತ್ತಾರೆ. ತಪ್ಪು ಸೂರ್ಯನದಲ್ಲ, ಕೂಡಿಸದೆ ಹೋದ ಮೊತ್ತದ್ದು.

ಈ ಲೆಕ್ಕಕ್ಕೆ ಬೇಕಾದುದು ಗುಣಾಕಾರ, ಭಾಗಾಕಾರಗಳಷ್ಟೇ. ಆದುದರಿಂದ ಇದು ಮಾರುವವರ ಗುಟ್ಟಾಗಿ ಉಳಿಯಬಾರದೆಂದೂ, ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಇದನ್ನು ಒಮ್ಮೆಯಾದರೂ ಮಾಡಿ ನೋಡಬೇಕೆಂದೂ ನಾವು ಹೇಳುತ್ತೇವೆ. ತರುಣ ವಾಚಕರು ಇಂದು ಸಂಜೆಯೇ ತಮ್ಮ ಮನೆಯ ದೀಪಗಳನ್ನು ಎಣಿಸಲಿ. ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ತಂದೆಯ ಕೈಯಲ್ಲಿ ಆ ಚೀಟಿಯಿರಲಿ.