ದೇಶದೇಶಗಳ ಸಂಬಂಧ ಓದಿ ಫಲವೇನು?

ಕಳೆದ ತಿಂಗಳು ಸಂಜೆಯ ಬಲಿಪೂಜೆಯ ಬಳಿಕ ನಮ್ಮ ಧರ್ಮಕೇಂದ್ರದ ತಂದೆಯೊಬ್ಬರು ಮಗಳೊಡನೆ ನನ್ನನ್ನು ಕಾಣಲು ಬಂದರು. ಮಗಳು ಬಿ.ಎ. ಅಂತಿಮ ವರ್ಷದಲ್ಲಿದ್ದಾಳೆ, ಅಂತರರಾಷ್ಟ್ರೀಯ ಸಂಬಂಧಗಳ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆಂಬುದು ಅವಳ ಹಂಬಲ. ತಂದೆಗೆ ಅದು ಹುಚ್ಚಾಟವೆನಿಸಿದೆ. "ಬಿ.ಎಡ್. ಮಾಡಿದರೆ ಶಾಲೆಯಿದೆ, ಎಂ.ಬಿ.ಎ. ಮಾಡಿದರೆ ಕಂಪೆನಿಯಿದೆ. ದೇಶದೇಶಗಳ ಜಗಳ ಓದಿದರೆ ಅನ್ನ ಹುಟ್ಟುತ್ತದೆಯೇ ಫಾದರ್? ನೀವಾದರೂ ಬುದ್ಧಿ ಹೇಳಿ" ಎಂದರು.

ಬುದ್ಧಿ ಹೇಳಲು ನನಗೆ ಸಂಕೋಚವಾಯಿತು. ಹಲವು ವರ್ಷಗಳ ಹಿಂದೆ ಇನ್ನೊಂದು ಧರ್ಮಕೇಂದ್ರದಲ್ಲಿದ್ದಾಗ ಇದೇ ವಿಷಯ ಓದಬಯಸಿದ ಯುವಕನೊಬ್ಬನಿಗೆ ಹಿಂದುಮುಂದು ನೋಡದೆ ಎಂ.ಬಿ.ಎ. ಸೂಚಿಸಿದವನು ನಾನು. ಅವನು ನನ್ನ ಮಾತು ಕೇಳಿದ. ಇಂದು ಅವನಿಗೆ ಒಳ್ಳೆಯ ಸಂಬಳವಿದೆ. ಭೇಟಿಯಾದಾಗಲೆಲ್ಲ ಯುದ್ಧ, ಒಪ್ಪಂದ, ನಿರಾಶ್ರಿತರ ಕುರಿತು ಗಂಟೆಗಟ್ಟಲೆ ಮಾತನಾಡುತ್ತಾನೆ. ಉದ್ಯೋಗದ ವಿಚಾರವೆತ್ತಿದರೆ ಮೌನ ತಾಳುತ್ತಾನೆ.

ಲೋಕರಾಜಕಾರಣ ನಮ್ಮ ಹೊಸ್ತಿಲಿನಿಂದ ದೂರದ ಸಂಗತಿಯೆಂದು ಭಾವಿಸುವುದೇ ಮೊದಲ ಪ್ರಮಾದ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸುಮಾರು 1,70,000 ಭಾರತೀಯರಿದ್ದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ ಅಲ್ಲಿಂದಲೇ ಬರುತ್ತಿತ್ತು. ಅವರಲ್ಲಿ ಬಹುಮಂದಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಐನೂರರಷ್ಟು ಬಾರಿ ಹಾರಿ ಜನರನ್ನು ತಾಯ್ನಾಡಿಗೆ ಕರೆತಂದವು. ಈ ಬಾಲೆಯ ಅಜ್ಜನೂ ಅವರಲ್ಲೊಬ್ಬರು.

ಆ ಪ್ರಯಾಣಕ್ಕೆ ಮುನ್ನ ಒಂದು ಆಲಿಂಗನ ನಡೆದಿತ್ತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ತೆರಳಿ ಸದ್ದಾಂ ಹುಸೇನರನ್ನು ಭೇಟಿಯಾದರು. ಇಬ್ಬರೂ ಅಪ್ಪಿಕೊಂಡ ಚಿತ್ರ ಪ್ರಕಟವಾದಾಗ ಲೋಕವೆಲ್ಲ ಹುಬ್ಬು ಗಂಟಿಕ್ಕಿತು. ನೆರೆಯ ರಾಷ್ಟ್ರವನ್ನು ನುಂಗಿದವನ ತೋಳಿನಲ್ಲಿ ನಮ್ಮ ಸಚಿವರೇ? ನಾನಾಗ ಗುರುಮಠದಲ್ಲಿ ತತ್ವಶಾಸ್ತ್ರದ ವಿದ್ಯಾರ್ಥಿ. ನೀತಿಶಾಸ್ತ್ರದ ತರಗತಿಯಲ್ಲಿ ಒಂದು ಇಡೀ ಅವಧಿ ಇದರ ಮೇಲೆಯೇ ವಾದ ನಡೆಯಿತು. ಅನ್ಯಾಯಗಾರನ ಕೈ ಹಿಡಿಯುವುದು ಅನ್ಯಾಯಕ್ಕೆ ಸಮ್ಮತಿಯೇ, ಅಥವಾ ಸೆರೆಸಿಕ್ಕವರ ಪ್ರಾಣಕ್ಕೆ ತೆತ್ತ ಬೆಲೆಯೇ? ಕುವೈತಿನ ಜನತೆಗೆ ನಾವು ಏನು ಉತ್ತರ ಕೊಟ್ಟೆವು? ಆ ಗಂಟೆ ಮುಗಿದರೂ ವಾದ ಮುಗಿಯಲಿಲ್ಲ. ನನ್ನ ಮಟ್ಟಿಗೆ ಇಂದಿಗೂ ಮುಗಿದಿಲ್ಲ.

ಇಂತಹ ಪ್ರಶ್ನೆಗಳನ್ನು ಇತಿಹಾಸ, ಕಾನೂನು, ಅರ್ಥಶಾಸ್ತ್ರಗಳ ನೆರವಿನಿಂದ ಶಿಸ್ತಾಗಿ ವಿಮರ್ಶಿಸುವುದೇ ಆ ಪದವಿಯ ಓದು. ಕ್ರಿ.ಪೂ. 416ರಲ್ಲಿ ಅಥೆನ್ಸ್ ನಗರವು ಮೆಲೋಸ್ ಎಂಬ ಪುಟ್ಟ ದ್ವೀಪವನ್ನು ಮಣಿಸಿದ ಪ್ರಸಂಗ ಅಲ್ಲಿ ಪಾಠವಾಗಿ ಬರುತ್ತದೆ. ಅಮೆರಿಕದ ಮೂಲನಿವಾಸಿಗಳ ಮೇಲೆ ಸ್ಪೇನಿಗೆ ಯಾವ ಹಕ್ಕಿದೆಯೆಂದು 1539ರಲ್ಲಿ ಸಲಮಾಂಕಾದಲ್ಲಿ, ತನ್ನ ಅರಸನ ನಾಡಿನಲ್ಲೇ ನಿಂತು ಪ್ರಶ್ನಿಸಿದ ಡೊಮಿನಿಕನ್ ಗುರು ಫ್ರಾನ್ಸಿಸ್ಕೊ ದ ವಿತೋರಿಯಾ ಬರುತ್ತಾನೆ. 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಕಾಂಟ್ ಬರುತ್ತಾನೆ. ವಿಶ್ವವಿದ್ಯಾಲಯದ ವಿಷಯವಾಗಿ ಇದಕ್ಕೆ ಮೊದಲ ಪೀಠ ದೊರೆತದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ. ಮೊದಲ ಮಹಾಯುದ್ಧ ಮುಗಿದಿತ್ತಷ್ಟೆ.

ನಮ್ಮ ಧರ್ಮಸಭೆಗೂ ಇದು ಅಪರಿಚಿತ ಕ್ಷೇತ್ರವಲ್ಲ. ಬೀಗಲ್ ಕಾಲುವೆಯ ದ್ವೀಪಗಳಿಗಾಗಿ 1978ರಲ್ಲಿ ಅರ್ಜೆಂಟೀನ ಮತ್ತು ಚಿಲಿ ಯುದ್ಧದ ಅಂಚಿಗೆ ಬಂದಾಗ ಎರಡನೆಯ ಜಾನ್ ಪಾಲರು ಕಾರ್ಡಿನಲ್ ಸಮೊರೆಯವರನ್ನು ಸಂಧಾನಕ್ಕೆ ಕಳುಹಿಸಿದರು. ಎರಡೂ ಕಥೋಲಿಕ ರಾಷ್ಟ್ರಗಳೇ ಎಂಬುದನ್ನು ಗಮನಿಸಬೇಕು. ಒಪ್ಪಂದಕ್ಕೆ ಸಹಿ ಬಿದ್ದದ್ದು 1984ರಲ್ಲಿ. ಅದನ್ನು ಕಾಣಲು ಸಮೊರೆ ಉಳಿದಿರಲಿಲ್ಲ.

ಆದರೂ ತಂದೆಯ ಆತಂಕವನ್ನು ನಾನು ಲಘುವಾಗಿ ಕಾಣಲಾರೆ. ಈ ಪದವಿ ಪಡೆದವರೆಲ್ಲ ರಾಯಭಾರಿಗಳಾಗುವುದಿಲ್ಲ. ವಿದೇಶಾಂಗ ಸೇವೆಯ ಪರೀಕ್ಷೆ ಬರೆಯಲು ಯಾವ ವಿಷಯದ ಪದವಿಯಾದರೂ ಸಾಕು. ಸಂಶೋಧನೆ, ಪತ್ರಿಕೋದ್ಯಮ, ಸೇವಾಸಂಸ್ಥೆಗಳಲ್ಲಿ ಅವಕಾಶವುಂಟು, ಆದರೆ ಅದು ಕಾದು ಪಡೆಯುವಂಥದು. ಇಂಗ್ಲೆಂಡಿನ ಒಂದು ವರ್ಷದ ವ್ಯಾಸಂಗಕ್ಕಾಗಿ ಅಡಿಕೆ ತೋಟ ಅಡವಿಡುವುದಂತೂ ನನಗೆ ಸರ್ವಥಾ ಒಪ್ಪಿಗೆಯಿಲ್ಲ. ವೀಸಾದ ಆಸೆಗಾಗಿ ಸೇರುವವರಿಗೆ ಈ ವಿಷಯ ಬೇಡವೇ ಬೇಡ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಅಧ್ಯಯನ ವಿಭಾಗದ ಮೂಲ 1955ರಷ್ಟು ಹಳೆಯದು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದರೆ ಶುಲ್ಕ ಅತ್ಯಲ್ಪ. ಹತ್ತಿರದಲ್ಲೇ ಓದಬೇಕೆಂದರೆ ಮಣಿಪಾಲದಲ್ಲೂ ಈ ವಿಷಯವಿದೆ, ಶುಲ್ಕ ವಿಚಾರಿಸಿಕೊಳ್ಳಬೇಕು.

ಇಷ್ಟನ್ನು ಹೇಳಿ, ಅಜ್ಜನ ಮರುಭೂಮಿಯ ಪಯಣವನ್ನು ಬರೆದಿಟ್ಟಿದ್ದಾಳೆಯೇ ಎಂದು ಹುಡುಗಿಯನ್ನು ಕೇಳಿದೆ. ಇಲ್ಲವೆಂದಳು. ಕಳೆದ ಭಾನುವಾರ ಒಂದು ನೋಟುಪುಸ್ತಕ ತಂದು ತೋರಿಸಿದಳು. ಹನ್ನೊಂದು ಪುಟ, ನಡುವೆ ಅಜ್ಜ ಕೈಯಾರೆ ಬಿಡಿಸಿದ ಒಂದು ನಕ್ಷೆ. ತಂದೆ ಹೊರಗೆ ಸ್ಕೂಟರಿನ ಬಳಿ ಕಾಯುತ್ತಿದ್ದರು. ದೆಹಲಿಯ ಅರ್ಜಿಗೆ ಅವರಿನ್ನೂ ಒಪ್ಪಿಲ್ಲ.