ಬಿಡಿಸಲು ಕಲಿಸದೆ ಓದೆನ್ನುವುದು ತರವೇ?

ಮುಂಬಯಿ, ಪುಣೆಗಳ ಭಾನುವಾರದ ಕನ್ನಡ ತರಗತಿಗಳಲ್ಲಿ ನಾವು ಮತ್ತೆ ಮತ್ತೆ ಕಾಣುವ ದೃಶ್ಯವೊಂದಿದೆ. ವರ್ಣಮಾಲೆಯನ್ನೂ ಕಾಗುಣಿತವನ್ನೂ ತಪ್ಪಿಲ್ಲದೆ ಒಪ್ಪಿಸುವ ಮಗು ‘ಆಸ್ಪತ್ರೆ’ ಎಂಬ ಪದದೆದುರು ನಿಂತುಬಿಡುತ್ತದೆ. ‘ಆ, ಸ, ಪ, ತೆ, ರ’ ಎಂದು ಹೇಗೋ ಮುಗಿಸಿ ನಮ್ಮ ಮುಖ ನೋಡುತ್ತದೆ. ನಾವು ಇನ್ನೊಂದು ಪುಟ ಕಾಪಿ ಬರೆಯಲು ಹೇಳುತ್ತೇವೆ. ಹೆತ್ತವರು ‘ಹೊರನಾಡಿನ ಮಗು, ಇಷ್ಟು ಬಂದರೆ ಸಾಕು’ ಎಂದು ಸಮಾಧಾನಪಡುತ್ತಾರೆ. ತಪ್ಪು ಮಗುವಿನದಲ್ಲ, ಕಲಿಸುವ ನಮ್ಮದು ಎಂಬುದೇ ನಮ್ಮ ವಾದ.

ಈ ಮಕ್ಕಳು ಶಾಲೆಯಲ್ಲಿ ಮೊದಲು ಕಲಿಯುವುದು ದೇವನಾಗರಿಯನ್ನು. ಅಲ್ಲಿ ಬಹುಮಟ್ಟಿಗೆ ಅರ್ಧ ವ್ಯಂಜನ ಮುಂದೆ, ಪೂರ್ಣ ವ್ಯಂಜನ ಹಿಂದೆ; ಕಣ್ಣು ಸಾಗಿದಂತೆ ಬಾಯಿಯೂ ಸಾಗುತ್ತದೆ. ಕನ್ನಡದಲ್ಲಿ ಮೊದಲ ವ್ಯಂಜನ ಮೇಲೆ ಪೂರ್ಣವಾಗಿ ಕೂತಿರುತ್ತದೆ, ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ, ಸ್ವರಚಿಹ್ನೆ ಮಾತ್ರ ಮೇಲಿನದಕ್ಕೇ ಅಂಟಿಕೊಳ್ಳುತ್ತದೆ. ‘ತ್ರೆ’ಯಲ್ಲಿ ಎತ್ವ ಕಾಣುವುದು ತಕಾರದ ಮೇಲೆ, ಕೇಳಿಸುವುದು ರಕಾರದ ಅನಂತರ. ನಾಡಿನ ಹೆಸರೇ ಆದ ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ‘ನಾ’ದ ಆಚೆಗೆ ಕೂತು ಈಚೆಗೆ ಉಚ್ಚಾರವಾಗುತ್ತದೆ. ‘ಕನಾರಟಕ’ ಎಂದು ಓದುವ ಮಗು ತನ್ನ ಕಣ್ಣಿಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಓದುತ್ತಿದೆ.

ಇಲ್ಲಿ ಮಗುವಿಗೆ ಬೇಕಾದದ್ದು ಕಿವಿಯ ನೆರವು. ಪದವನ್ನು ಮೊದಲು ಬಾಯಲ್ಲಿ ಹೇಳಿಸಿ, ಚಪ್ಪಾಳೆ ತಟ್ಟುತ್ತ ಬಿಡಿಸಬೇಕು: ಆಸ್-ಪತ್-ರೆ, ಕರ್-ನಾ-ಟ-ಕ. ಒತ್ತಕ್ಷರದ ಮೊದಲ ವ್ಯಂಜನ ಹಿಂದಿನ ಅಕ್ಷರಕ್ಕೆ ಜಾರಿಕೊಳ್ಳುತ್ತದೆ ಎಂಬ ಗುಟ್ಟು ಆಗ ತಾನಾಗಿಯೇ ತಿಳಿಯುತ್ತದೆ. ಇದೇನು ನಮ್ಮ ಹೊಸ ಶೋಧವಲ್ಲ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬ ಛಂದಸ್ಸಿನ ನಿಯಮ ಹೇಳುವುದೂ ಇದನ್ನೇ. 10ನೆಯ ಶತಮಾನದಲ್ಲೇ ನಾಗವರ್ಮನ ‘ಛಂದೋಂಬುಧಿ’ಯನ್ನು ಕಂಡ ಭಾಷೆ ನಮ್ಮದು. ಆ ಅರಿವನ್ನು ಪ್ರೌಢಶಾಲೆಯ ಪ್ರಸ್ತಾರದ ಅಂಕಗಳಿಗೆಂದು ಮೀಸಲಿಟ್ಟು, ಓದಲು ಕಲಿಯುವ ಮಗುವಿನಿಂದ ಬಚ್ಚಿಟ್ಟಿದ್ದೇವೆ.

ಇಂಗ್ಲಿಷ್ ಲಿಪಿಯಲ್ಲಿ ಬರೆದು, ನಡುನಡುವೆ ಗೆರೆ ಎಳೆದುಕೊಟ್ಟರೆ ಸುಲಭವಲ್ಲವೇ ಎನ್ನುವವರಿದ್ದಾರೆ. ಆ ಲಿಪಿಯಲ್ಲಿ ನಾವು ಸಾಮಾನ್ಯವಾಗಿ ಬರೆಯುವಾಗ ಹಳ್ಳಿಯೂ ಹಲ್ಲಿಯೂ ಒಂದೇ, ಬಳೆಯೂ ಬಲೆಯೂ ಒಂದೇ. ಅಜ್ಜನ ಹಳ್ಳಿಯನ್ನು ಗೋಡೆಯ ಹಲ್ಲಿಯಾಗಿಸುವ ಸೌಕರ್ಯ ನಮಗೆ ಬೇಡ.

ಪದವನ್ನು ಚೂರು ಮಾಡಿದರೆ ಅರ್ಥವೂ ಚೂರಾಗುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಆದ್ದರಿಂದಲೇ ಬಿಡಿಸಿದ್ದನ್ನು ಮತ್ತೆ ಕೂಡಿಸಿ ಓದಿಸಬೇಕು. ‘ಹೋಗಬೇಕಾಗಿತ್ತು’ ಎಂಬುದು ಮೊದಲ ಸಲ ಹೋ-ಗ-ಬೇ-ಕಾ-ಗಿತ್-ತು ಎಂದು ಧ್ವನಿಯಂತೆ ಬಿಡಲಿ. ಎರಡನೆಯ ಸಲ ಹೋಗ, ಬೇಕು, ಆಗಿತ್ತು ಎಂದು ಅರ್ಥದಂತೆ ಬಿಡಲಿ. ಮೂರನೆಯ ಸಲ ಒಂದೇ ಉಸಿರಿನಲ್ಲಿ ಬರಲಿ. ಅಜ್ಜಿಯೊಡನೆ ಫೋನಿನಲ್ಲಿ ಈ ಪದವನ್ನು ತಡವರಿಸದೆ ಆಡುವ ಮಗುವೇ ಅಚ್ಚಿನಲ್ಲಿ ಅದನ್ನು ಕಂಡು ಹೆದರುತ್ತದೆ. ಅದು ತನ್ನದೇ ಮಾತೆಂದು ತೋರಿಸಿಕೊಡುವುದಷ್ಟೇ ನಮ್ಮ ಕೆಲಸ.

ಈ ಕೆಲಸವನ್ನು ಮಾಡದೆ ಹೋದರೆ ಆಗುವುದೇನೆಂದು ನಮಗೆ ಗೊತ್ತಿದೆ. ಉದ್ದ ಪದಕ್ಕೆ ಅಂಜಿದ ಮಗು ಮೊದಲ ಪಾಠದ ಪುಸ್ತಕವನ್ನು ದಾಟುವುದಿಲ್ಲ. ಕನ್ನಡ ಅದಕ್ಕೆ ಅಡುಗೆಮನೆಯ ಮಾತಾಗಿಯೇ ಉಳಿಯುತ್ತದೆ. ನಾವು ಊರಿನಿಂದ ಹೊತ್ತು ತಂದು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳು ನಮ್ಮ ತಲೆಮಾರಿನ ಅನಂತರ ರದ್ದಿಯ ತಕ್ಕಡಿಗೆ ಹೋಗುತ್ತವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡದ ಅಳಿವು ಉಳಿವನ್ನು ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು, ಪ್ರತಿ ಭಾನುವಾರ ಕಾಪಿ ಪುಸ್ತಕ ತೆರೆಯುವ ಮುನ್ನ ಹತ್ತು ನಿಮಿಷ ಮಕ್ಕಳೊಡನೆ ಚಪ್ಪಾಳೆ ತಟ್ಟಲಾರೆವೇ?